ನೀನು ಹೊತ್ತ ಗಾರೆ

ಅರಕಲಗೂಡಿನಲ್ಲಿರುವ ನನ್ನವ್ವ ಮಾದಮ್ಮನಿಗೆ, ಹೊಳೆನರಸೀಪುರದಿಂದ ಮಗಳು ಭಾನು ಬರೆಯುವುದು.

ಇದನ್ನು ನಿನಗೆ ಓದಿ ಹೇಳುವವರು ಶೋಭಿತಾ ಅತ್ತಿಗೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅತ್ತಿಗೆ, ನಿಮ್ಮಲ್ಲಿ ಒಂದು ಕೇಳಿಕೆ. ನಡುವೆ ಅವ್ವ "ಒಲೆ ಮ್ಯಾಲೆ ಏನೋ ಇಟ್ಟಿವ್ನಿ" ಎಂದು ಎದ್ದು ಹೋದರೆ ನೀವು ಓದುವುದನ್ನು ನಿಲ್ಲಿಸಬೇಡಿ. ಅಡುಗೆಮನೆಯ ಬಾಗಿಲಿಗೇ ಹೋಗಿ ನಿಂತು ಓದಿ. ಒಲೆಯ ಮೇಲೆ ಏನೂ ಇರುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು, ಅವ್ವ. ಆದರೆ ನೀನು ಅಣ್ಣನ ಮನೆಗೆ ಹೋದ ಮೇಲೆ ನಮ್ಮ ಫೋನು ಹೇಗೆ ನಡೆಯುತ್ತದೆಂದು ನಿನಗೂ ಗೊತ್ತು. "ಉಂಡ್ರಾ?" ಎನ್ನುತ್ತೀಯ. ಉಂಡೆವು ಎನ್ನುತ್ತೇನೆ. "ಮಗೀಗೆ ಉಸಾರಾ?" ಎನ್ನುತ್ತೀಯ. ಹುಷಾರು ಎನ್ನುತ್ತೇನೆ. ನಾನು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಫೋನು ಕೀರ್ತಿರಾಜಣ್ಣನ ಕೈಗೆ ದಾಟಿರುತ್ತದೆ. ಆದ್ದರಿಂದ ಕಾಗದ. ಇದನ್ನು ನೀನು ಬೇರೆಯವರ ಕೈಗೆ ದಾಟಿಸಲಾರೆ. ಇದು ಬೇರೆಯವರ ಕೈಯಲ್ಲೇ ಇರುತ್ತದೆ, ನೀನು ಕೇಳಬೇಕು ಅಷ್ಟೆ.

ಆ ಗೋಡೆಯ ವಿಷಯ ಹೇಳಬೇಕು.

ಅತ್ತಿಗೆಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ, ಅವರಿಗೂ ತಿಳಿಯಲಿ. ನಾನು ಸಣ್ಣವಳಿದ್ದಾಗ ನಮ್ಮೂರಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಬರುವಾಗಲೆಲ್ಲ ನೀನು ಕಿಟಕಿಯ ಪಕ್ಕದ ಸೀಟಿಗೆ ಜಗಳವಾಡುತ್ತಿದ್ದೆ. ಪೇಟೆ ಸಮೀಪಿಸುತ್ತಿದ್ದಂತೆ ನನ್ನ ತಲೆಯನ್ನು ಹಿಡಿದು ಆ ಕಡೆಗೆ ತಿರುಗಿಸುತ್ತಿದ್ದೆ. "ನೋಡ್ಕ, ಅದೇ ಚನ್ನಪ್ಪನೋರ ಮನೆ. ಆ ಗ್ವಾಡೆಗೆ ಗಾರೆ ಎಸ್ದೋರು ನಿಮ್ಮಪ್ಪ. ಗಾರೆ ಒತ್ಕಂಡೋಗಿ ಕೊಟ್ಟೋಳು ನಾನು." ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸರಿಗೂ ತೋರಿಸುತ್ತಿದ್ದೆ. ಆ ಮನೆಯ ಮುಂದಿನ ಗೋಡೆ ಉಳಿದ ಮನೆಗಳಂತೆ ನಯವಾಗಿರಲಿಲ್ಲ. ಸಣ್ಣ ಜಲ್ಲಿ ಬೆರೆಸಿದ ಗಾರೆಯನ್ನು ಕರಣೆಯಿಂದ ರಪ್ಪೆಂದು ಎಸೆದು, ಎಸೆದದ್ದನ್ನು ಹಾಗೆಯೇ ಒಣಗಲು ಬಿಟ್ಟ ಗೋಡೆ. ಮುಟ್ಟಿದರೆ ಅಂಗೈಗೆ ಚುಚ್ಚುತ್ತಿತ್ತು. ನೀನು ಅದನ್ನು ಹಲಸಿನಕಾಯಿ ಗೋಡೆ ಎನ್ನುತ್ತಿದ್ದೆ. ಚನ್ನಪ್ಪನವರು ಮೈಸೂರಿನಲ್ಲಿ ಯಾವುದೋ ದೊಡ್ಡವರ ಮನೆಯಲ್ಲಿ ಅಂಥದ್ದನ್ನು ನೋಡಿ ಬಂದು, ನನಗೂ ಹಾಗೇ ಬೇಕು ಎಂದರಂತೆ. ಆಗ ಊರಿನಲ್ಲಿ ಅದನ್ನು ಎಸೆಯಬಲ್ಲ ಮೇಸ್ತ್ರಿ ಯಾರೂ ಇರಲಿಲ್ಲವಂತೆ. ಅಪ್ಪ ತಾನು ಮಾಡುತ್ತೇನೆಂದು ಒಪ್ಪಿಕೊಂಡು ಬಂದು, ನಮ್ಮ ಗುಡಿಸಲ ಹಿಂದಿನ ಬಂಡೆಗೆ ಗಾರೆ ಎಸೆದು ಎಸೆದು ಕೈ ಪಳಗಿಸಿಕೊಂಡನಂತೆ. ಕೀರ್ತಿಯಣ್ಣ ನಿನ್ನ ಹೊಟ್ಟೆಯಲ್ಲಿದ್ದ. ನೀನು ಗಾರೆ ತುಂಬಿದ ಬಾಂಡ್ಲಿ ಹೊತ್ತು ಏಣಿ ಹತ್ತುತ್ತಿದ್ದೆ. "ನಿಮ್ಮಪ್ಪ ಎಸೀತಿದ್ರೆ ಮಳೆ ಬಿದ್ದಂಗೆ ಕೇಳದು ಕಣೇ. ಒಂದು ಕಡೆ ದಪ್ಪ ಇಲ್ಲ, ಒಂದು ಕಡೆ ತೆಳು ಇಲ್ಲ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ.

ಆದ್ದರಿಂದಲೇ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಾನು ಮನೆಗೆ ಬಂದು, "ಅವ್ವ, ಚನ್ನಪ್ಪನೋರ ಹೆಂಡ್ತಿ ಜಯಲಕ್ಷ್ಮಮ್ಮನವರು ಮುಂದಿನ ಗೋಡೆ ನಯ ಮಾಡೋ ಕೆಲಸ ನನಗೇ ಕೊಟ್ರು" ಎಂದಾಗ ನಿನ್ನ ಮುಖ ಹಾಗೇಕಾಯಿತೆಂದು ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಾನು ಕುಣಿಯುತ್ತಾ ಬಂದಿದ್ದೆ. ನಿನಗೆ ಗೊತ್ತಲ್ಲ, ಹಾಸನದ ಗಾರ್ಮೆಂಟ್ಸ್ ಬಿಟ್ಟು ಅಪ್ಪನ ಹಿಂದೆ ಕೆಲಸಕ್ಕೆ ಹೋಗತೊಡಗಿದಾಗಿನಿಂದ ನನಗೆ ಸಿಕ್ಕಿದ್ದೆಲ್ಲ ಬಚ್ಚಲುಮನೆ, ನೀರಿನ ತೊಟ್ಟಿ, ಹಿತ್ತಲ ಕಾಂಪೌಂಡು. ಅಪ್ಪನ ಕೈ ನಡುಗತೊಡಗಿದ ಮೇಲೆ ಅವನು ಕೆಳಗೆ ಕೂತು ಹೇಳುತ್ತಿದ್ದ, ನಾನು ಬಳಿಯುತ್ತಿದ್ದೆ. ಅಪ್ಪ ಹೋದ ಮೇಲೂ ಜನ ಕರೆದರು. ಆದರೆ ಹಿಂದಿನ ಗೋಡೆಗೆ ಕರೆದರು. ಬೀದಿಗೆ ಕಾಣುವ ಮುಖದ ಗೋಡೆಗೆ ಹೆಂಗಸನ್ನು ಯಾರೂ ಹತ್ತಿಸಿರಲಿಲ್ಲ. ಜಯಲಕ್ಷ್ಮಮ್ಮನವರ ತಾರಸಿಯ ಸುತ್ತಿನ ಮೋಟುಗೋಡೆಯನ್ನು ಹಿಂದಿನ ವರ್ಷ ನಾನೇ ಮಾಡಿದ್ದೆ. ಅದು ಒಂದು ಹನಿ ನೀರು ಕುಡಿಯಲಿಲ್ಲವೆಂದು ಅವರು ಮುಂದಿನ ಗೋಡೆಗೂ ನನ್ನನ್ನೇ ಕರೆದರು. ನಾನು ಯಾರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ಅಪ್ಪನ ಹೆಸರು ಹೇಳಿ ಕೆಲಸ ಪಡೆಯುವುದು ನನಗೆ ಬೇಕಿರಲಿಲ್ಲ.

ನೀನು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟೆ. "ನಿಂಗೆ ಬ್ಯಾರೆ ಗ್ವಾಡೆನೇ ಸಿಗ್ನಿಲ್ವಾ?" ಎಂದೆ. "ನಿಮ್ಮಪ್ಪ ಮಾಡಿದ ಮನೆ ಒಂದೊಂದೇ ಒಡ್ದಾಕಿ ಕಾಂಪ್ಲೆಕ್ಸ್ ಕಟ್ಟವ್ರೆ. ಈ ಊರ್ನಾಗೆ ನಿಮ್ಮಪ್ಪಂದು ಅಂತ ಉಳ್ದಿರಾದು ಅದೊಂದೇ ಕಣೇ. ಅದ್ನ ಕೆತ್ತಾಕಕ್ಕೆ ನೀನೇ ಬೇಕಾಯ್ತಾ?" ನಾನು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ ಎಂದೆ. "ಬ್ಯಾರೆಯೋರು ಮಾಡ್ಲಿ. ನಂಗೆ ಒಟ್ಟೆ ಉರಿಯಕ್ಕಿಲ್ಲ" ಎಂದೆ ನೀನು. ಮಾರನೆಯ ದಿನ ನೀನು ಬಟ್ಟೆ ಗಂಟು ಕಟ್ಟಿಕೊಂಡೆ. ನಿನ್ನ ಅಳಿಯ ನಾಗೇಶ್ ತನ್ನ ಗೂಡ್ಸ್ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆಂದರೂ ಹತ್ತಲಿಲ್ಲವಂತೆ, ನಡೆದೇ ಹೋದೆಯಂತೆ, ಆ ನೋಯುವ ಮಂಡಿಯಲ್ಲೇ.

ನೀನು ಹೋದ ಮೇಲೂ ನಾನು ಕೆಲಸ ಬಿಡಲಿಲ್ಲ, ಅವ್ವ. ಅದಕ್ಕೆ ಕ್ಷಮೆ ಕೇಳಲು ಬರೆಯುತ್ತಿಲ್ಲ. ಏನಾಯಿತೆಂದು ಹೇಳಲು ಬರೆಯುತ್ತಿದ್ದೇನೆ.

ಜಯಲಕ್ಷ್ಮಮ್ಮನವರಿಗೆ ಆ ಗೋಡೆಯ ಮೇಲೆ ದ್ವೇಷವೇನಿರಲಿಲ್ಲ. ಯಜಮಾನರು ಆಸೆಪಟ್ಟು ಮಾಡಿಸಿದ್ದೆಂದು ಅವರು ತೀರಿಕೊಂಡ ಮೇಲೂ ಎಷ್ಟೋ ವರ್ಷ ಹಾಗೇ ಇಟ್ಟುಕೊಂಡಿದ್ದರು. ಆದರೆ ರಸ್ತೆ ಅಗಲವಾದ ಮೇಲೆ ದೂಳೆಲ್ಲ ಆ ಮುಳ್ಳುಗಳ ಸಂದಿಯಲ್ಲಿ ಕೂತು, ಮಳೆಗಾಲದಲ್ಲಿ ಪಾಚಿಗಟ್ಟಿ, ಗೋಡೆ ಕಪ್ಪಿಟ್ಟಿತ್ತು. ಜೇಡ ಗೂಡು ಕಟ್ಟುತ್ತಿತ್ತು. ಗುಡಿಸಿದರೆ ಪೊರಕೆಯೇ ಸವೆಯುತ್ತಿತ್ತು. ಹೋಗುತ್ತ ಬರುತ್ತ ಅವರ ಸೆರಗು ಸಿಕ್ಕಿಕೊಳ್ಳುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಮೊಮ್ಮಗಳು ನಿಸರ್ಗಳ ನಿಶ್ಚಿತಾರ್ಥ ಮನೆಯ ಮುಂದೆಯೇ ಆಗಬೇಕಿತ್ತು. ಅಷ್ಟರೊಳಗೆ ಮನೆಗೆ ಕಳೆ ಬರಬೇಕು ಎಂಬುದು ಅವರ ಆಸೆ.

ಅವರ ಮಗ ದೇವರಾಜಣ್ಣನಿಗೆ ಚನ್ನರಾಯಪಟ್ಟಣದಲ್ಲಿ ಗೊಬ್ಬರದ ಅಂಗಡಿಯಿದೆ. ಮನುಷ್ಯ ಕೆಟ್ಟವನಲ್ಲ, ಅವಸರದವನು. ನನ್ನನ್ನು ನೋಡಿ ತಾಯಿಯ ಕಡೆಗೆ ತಿರುಗಿ, "ಇವ್ರೇನಾ ಮೇಸ್ತ್ರಿ?" ಎಂದ. ಆಮೇಲೆ ನನಗೆ ಹೇಳಿದ, "ನೋಡಮ್ಮ, ಗೊತ್ತಿರೋರೊಬ್ರನ್ನ ಕೇಳಿದೀನಿ. ಹಳೇ ಗಾರೆ ಪೂರಾ ಕಿತ್ತಾಕಿ ಹೊಸದಾಗಿ ಬಳೀಬೇಕಂತೆ. ಹಳೇದ್ರ ಮೇಲೆ ಬಳುದ್ರೆ ನಿಲ್ಲಲ್ವಂತೆ." ನಾನು ಒಂದು ದಿನ ಸಮಯ ಕೊಡಿ ಎಂದೆ.

ಆ ದಿನವನ್ನು ನಾನು ಗೋಡೆಯನ್ನು ತಟ್ಟುತ್ತ ಕಳೆದೆ. ಅಪ್ಪ ಕಲಿಸಿದ್ದನಲ್ಲ, ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟರೆ ಗಾರೆ ಗೋಡೆಯನ್ನು ಹಿಡಿದಿದೆಯೋ ಬಿಟ್ಟಿದೆಯೋ ತಿಳಿಯುತ್ತದೆಂದು. ಕೆಳಗಿನಿಂದ ಶುರು ಮಾಡಿದೆ. ಕಿಟಕಿಯ ಸುತ್ತ, ಬಾಗಿಲಿನ ಮೇಲೆ, ಸಜ್ಜಾದ ಕೆಳಗೆ, ಹತ್ತಿ ನಿಲ್ಲಲು ಬೊಂಬಿನ ಸಾರವೆ ಕಟ್ಟಿಸಿ ಮೇಲಿನವರೆಗೆ. ಎಲ್ಲೂ ಟೊಳ್ಳು ಸದ್ದಿಲ್ಲ. ಮಳೆನೀರಿನ ಪೈಪು ಒಡೆದು ವರ್ಷಗಟ್ಟಲೆ ತೊಟ್ಟಿಕ್ಕಿದ ಒಂದು ಮೂಲೆಯಲ್ಲಿ ಮಾತ್ರ ಬೊಂಯ್ ಎಂದಿತು. ಮಿಕ್ಕ ಗೋಡೆಯೆಲ್ಲ ಕಲ್ಲು ತಟ್ಟಿದಂತೆ ಟಣ್ ಎನ್ನುತ್ತಿತ್ತು. ನಿಂತು ಇನ್ನೊಮ್ಮೆ ತಟ್ಟಿದೆ. ಕೆಲಸಕ್ಕಾಗಿ ಅಲ್ಲ, ಕೇಳಬೇಕೆನಿಸಿತು ಅಷ್ಟೆ.

ದೇವರಾಜಣ್ಣನಿಗೆ ಹೇಳಿದೆ, "ಕೀಳೋದು ಬ್ಯಾಡ ಅಣ್ಣ. ಮುಳ್ಳಿನ ತುದಿ ಉಜ್ಜಿ, ಬಣ್ಣ ತೆಗೆದು, ಮೇಲೆ ಬಳಿದ್ರೆ ಸಾಕು. ಈ ಒರಟೇ ಹೊಸ ಗಾರೆನ ಹಿಡ್ಕೊಳ್ತದೆ." ಅವನು ನಂಬಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗೋಡೆ ಒಡೆಯುವ ಮಷೀನಿನವನನ್ನು ಕರೆಸಿಯಾಗಿತ್ತು. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಆತ ಕಿಟಕಿಯ ಪಕ್ಕದಲ್ಲಿ ಮಷೀನು ಒತ್ತಿದ. ಇಡೀ ಗೋಡೆ ಗದಗುಟ್ಟಿತು. ಗಾರೆ ಕದಲಲಿಲ್ಲ. ಆತ ಭುಜ ಕೊಟ್ಟು ಇನ್ನೂ ಜೋರಾಗಿ ಒತ್ತಿದ. ಅರ್ಧ ಇಟ್ಟಿಗೆಯೇ ಮುರಿದು ಕೆಳಗೆ ಬಿತ್ತು. ಅದನ್ನು ಎತ್ತಿ ನೋಡಿದರೆ ಮುರಿದ ಇಟ್ಟಿಗೆಗೆ ನಿಮ್ಮ ಗಾರೆ ಹಾಗೇ ಅಂಟಿಕೊಂಡಿತ್ತು, ಅವ್ವ. ಇಟ್ಟಿಗೆ ಒಡೆಯಿತು, ಗಾರೆ ಬಿಡಲಿಲ್ಲ.

ಮಷೀನಿನವನು ಕೈ ಒರೆಸಿಕೊಂಡು, "ಸಾ, ಇದ್ನ ಕೀಳಕ್ಕೋದ್ರೆ ಗ್ವಾಡೆ ಬೀಳ್ತದೆ. ಗಾರೆ ಬೀಳಕ್ಕಿಲ್ಲ" ಎಂದ. ದೇವರಾಜಣ್ಣ ಆ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, "ಯಾರಪ್ಪಾ ಇದನ್ನ ಬಳಿದೋರು?" ಎಂದು ಯಾರನ್ನೂ ಕೇಳದಂತೆ ಕೇಳಿದ.

ಅಷ್ಟು ದಿನ ನುಂಗಿಕೊಂಡದ್ದು ಅಲ್ಲಿ ಹೊರಗೆ ಬಂತು. "ನಮ್ಮಪ್ಪ" ಎಂದೆ. "ಹುಚ್ಚಯ್ಯ ಮೇಸ್ತ್ರಿ. ಹೊತ್ತು ಕೊಟ್ಟೋರು ನಮ್ಮವ್ವ."

ಜಯಲಕ್ಷ್ಮಮ್ಮ ಜಗಲಿಯ ಮೇಲೆ ಹೂ ಕಟ್ಟುತ್ತ ಕೂತಿದ್ದವರು ದಾರವನ್ನು ಬೆರಳಲ್ಲೇ ಹಿಡಿದು ಎದ್ದು ಬಂದರು. ನನ್ನ ಮುಖವನ್ನೇ ನೋಡಿದರು. "ಒಬ್ಳು ಬಸುರಿ ಇದ್ಲು" ಎಂದರು. "ಕೂತ್ಕೊಂಡು ಸುಧಾರಿಸ್ಕೊಳ್ಳೇ ಅಂದ್ರೆ ಕೂರ್ತಾನೇ ಇರ್ಲಿಲ್ಲ. ಬಾಂಡ್ಲಿ ಎತ್ಕೊಂಡು ಏಣಿ ಹತ್ತೋಳು. ನಂಗೆ ನೋಡಕ್ಕಾಗ್ದೆ ಒಳಗೋಗ್ಬಿಡ್ತಿದ್ದೆ." ನಾನು ನಗುತ್ತ, ಆ ಬಸುರಿನಲ್ಲಿದ್ದವನು ನಮ್ಮಣ್ಣ, ಈಗ ಅರಕಲಗೂಡಿನಲ್ಲಿ ಹೈಸ್ಕೂಲ್ ಮೇಷ್ಟ್ರು ಎಂದೆ. ಅವರು ನಗಲಿಲ್ಲ. ಮಗನ ಕಡೆಗೆ ತಿರುಗಿ, "ದೇವ, ಮಷೀನು ವಾಪಸ್ ಕಳಿಸು. ಈ ಹುಡುಗಿ ಹೇಳ್ದಂಗೆ ಆಗ್ಲಿ" ಎಂದರು.

ಹಾಗೆ ಶುರುವಾಯಿತು ಕೆಲಸ. ಕೆತ್ತಲಿಲ್ಲ, ಅವ್ವ. ಮುರಿದ ಇಟ್ಟಿಗೆಯನ್ನು ಮೊದಲು ಕೂರಿಸಿದೆ. ಪೈಪಿನ ಮೂಲೆಯ ಟೊಳ್ಳನ್ನು ತೆಗೆದು ಕಟ್ಟಿದೆ. ಉಳಿದ ಕಡೆ ಚೂಪಾದ ತುದಿಗಳನ್ನಷ್ಟೇ ಗ್ರೈಂಡರಿನಿಂದ ಉಜ್ಜಿದೆ. ಆಮೇಲೆ ತಂತಿ ಬ್ರಷ್ಷು ಹಿಡಿದು ಬಣ್ಣ ಬಿಡಿಸತೊಡಗಿದೆವು, ನಾನು ಮತ್ತು ರಜನೀಶ. ರಜನೀಶ ನಿನಗೆ ಗೊತ್ತು, ಅಪ್ಪನ ಕೊನೆಯ ಕೆಲಸಗಳಲ್ಲಿ ಜೊತೆಗಿದ್ದವನು, ಬಾಯಿ ಸುಮ್ಮನಿರದು, ಕೈ ಚುರುಕು. ಹೊರಗಿನ ಕೆನೆಬಣ್ಣ ಹೋಯಿತು, ಅದರ ಕೆಳಗೆ ಹಳದಿ ಬಂತು, ಹಳದಿಯ ಕೆಳಗೆ ತಿಳಿ ನೀಲಿ. ಒಂದೊಂದು ಬಣ್ಣವೂ ಆ ಮನೆಯ ಒಂದೊಂದು ಮದುವೆಯದೆಂದು ಜಯಲಕ್ಷ್ಮಮ್ಮ ಕೆಳಗೆ ನಿಂತು ಹೇಳುತ್ತಿದ್ದರು. ನೀಲಿಯೂ ಹೋದ ಮೇಲೆ ಬರಿಯ ಗಾರೆ ಬಂತು. ಬೂದು ಬಣ್ಣ, ಅದರಲ್ಲಿ ಹೊಳೆ ಮರಳಿನ ಮಿಣುಕು. ಈಗ ನಮಗೆ ಸಿಗುವುದು ಎಂ-ಸ್ಯಾಂಡು, ಕಲ್ಲಿನ ಪುಡಿ, ಅದು ಮಿಣುಕುವುದಿಲ್ಲ. ನಾನು ಹುಟ್ಟುವ ಮುಂಚೆ ನೀವಿಬ್ಬರೂ ಮಾಡಿ ಮುಗಿಸಿ, ಸಾರವೆ ಇಳಿಸಿ ನಿಂತು ನೋಡಿದ ಗೋಡೆ ಅದೇ. ಅಂಗೈ ಇಟ್ಟೆ. ಚುಚ್ಚಿತು. ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡೆ. ರಜನೀಶ ನೋಡಿಯೂ ನೋಡದವನಂತೆ ಕೆಳಗಿಳಿದು ಬೀಡಿ ಹಚ್ಚಿದ.

ಗೋಡೆ ತೊಳೆದು, ಸಿಮೆಂಟ್ ಹಾಲಿಗೆ ಅಂಟು ಬೆರೆಸಿ ಬಳಿದು, ಮಟ್ಟದ ಗುರುತಿಗೆ ಅಲ್ಲಲ್ಲಿ ಗಾರೆಯ ಬಿಲ್ಲೆ ಕೂರಿಸಿ, ದಾರ ಎಳೆದು, ತೂಗುಗುಂಡು ಬಿಟ್ಟು ಮಟ್ಟ ನೋಡಿದೆ. ನಿನ್ನ ಗಂಡನ ಎಸೆತದ ಗುಣ ಅಲ್ಲಿ ತಿಳಿಯಿತು. ಅಷ್ಟು ಉದ್ದದ ಗೋಡೆಯಲ್ಲಿ ಒಂದು ಕಡೆಯೂ ಹೊಟ್ಟೆ ಉಬ್ಬಿರಲಿಲ್ಲ, ಒಂದು ಕಡೆಯೂ ತಗ್ಗಿರಲಿಲ್ಲ. ನೀನು ಬಸ್ಸಿನಲ್ಲಿ ಹೇಳುತ್ತಿದ್ದದ್ದನ್ನು ನಾನು ಹೆಂಡತಿ ಗಂಡನನ್ನು ಹೊಗಳುವ ಮಾತೆಂದುಕೊಂಡಿದ್ದೆ. ಅಲ್ಲ, ಅದು ನಿಜ. ನಾನು ಅಳೆದು ನೋಡಿದೆ.

ಎದುರಿನ ಟೀ ಅಂಗಡಿಯಲ್ಲಿ ಜನ ಸೇರತೊಡಗಿದ್ದರು. ಸಾರವೆಯ ತುದಿಯಲ್ಲಿ ಸೀರೆಯ ಮೇಲೆ ಅಪ್ಪನ ಹಳೆಯ ಶರಟು ತೊಟ್ಟು ನಿಂತವಳನ್ನು ನೋಡಲು ಬರುವವರೇ ಬೇರೆ, ಟೀ ಕುಡಿಯಲು ಬರುವವರೇ ಬೇರೆ. "ಏನಕ್ಕಾ, ಬೀಳಂಗಿದೀಯ" ಎಂದು ಒಬ್ಬ. "ಗಂಡ ಎಲ್ಲವ್ನೆ?" ಎಂದು ಇನ್ನೊಬ್ಬ. ಗಂಡ ಕೆಳಗೇ ಇದ್ದ. ಆಟೋದಿಂದ ಎಂ-ಸ್ಯಾಂಡ್ ಇಳಿಸುತ್ತಿದ್ದ ನಾಗೇಶ್ ಸಲಿಕೆಯನ್ನು ನೆಲಕ್ಕೂರಿ, "ಇಲ್ಲೇ ಇವ್ನಿ ಕಣಣ್ಣ. ಮೇಸ್ತ್ರಮ್ಮನ ಕೇಳಿ ನಿಂಗೂ ಕೆಲ್ಸ ಕೊಡುಸ್ಲಾ?" ಎಂದ.

ಎಲ್ಲ ಸಲೀಸಾಗಿ ಹೋಯಿತೆಂದು ತಿಳಿಯಬೇಡ. ಬಲಗಡೆಯ ಮೇಲಿನ ಭಾಗವನ್ನು ಬಳಿದು ಮುಗಿಸಿ ಮನೆಗೆ ಬಂದು ಕುಣಿದಾಡಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಕೆರೆಯ ಕೆಸರು ಒಣಗಿದಂತೆ ಅಷ್ಟಗಲವೂ ಕೂದಲೆಳೆಯ ಬಿರುಕು. ದಕ್ಷಿಣಕ್ಕೆ ಮುಖ ಮಾಡಿದ ಮನೆ, ಚಳಿಗಾಲದ ಬಿಸಿಲು ದಿನವಿಡೀ ಅದರ ಮೇಲೇ. ಹಸಿ ಗಾರೆಯ ನೀರನ್ನೆಲ್ಲ ಬಿಸಿಲು ಹೀರಿಕೊಂಡಿತ್ತು. ನಿಶ್ಚಿತಾರ್ಥ ಹತ್ತಿರ ಬರುತ್ತಿತ್ತು. ರಜನೀಶ ನನ್ನ ಕಿವಿಯ ಹತ್ತಿರ ಬಂದು, "ಮ್ಯಾಲೆ ಎಲ್ಡು ಕೋಟು ಪುಟ್ಟಿ ಒಡುದ್ರೆ ಯಾವನ್ಗೂ ಕಾಣಕ್ಕಿಲ್ಲ ಬುಡಕ್ಕ. ಫಂಕ್ಷನ್ ಮುಗುಸ್ಕತಾರೆ. ಮಳೆಗಾಲಕ್ಕೆ ಬಿಟ್ಕಂಡ್ರೆ ಆವಾಗ ನೋಡ್ಕಳನ" ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಪುಟ್ಟಿ ಬಳಿದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಕೆಳಗಿನ ಗಾರೆಯನ್ನು ಮಷೀನಿಗೂ ಬಿಡಿಸಲಾಗಿಲ್ಲ. ಅದರ ಮೇಲೆ ನಾನು ಬಳಿದದ್ದು ಒಂದು ಮಳೆಗಾಲಕ್ಕೆ ಹಪ್ಪಳದಂತೆ ಎದ್ದು ಬಂದರೆ ಊರು ಏನನ್ನುತ್ತದೆ ಎನ್ನುವುದು ಹಾಗಿರಲಿ, ನೀನೇನನ್ನುತ್ತೀಯ ಎಂದು ಯೋಚಿಸಿದೆ. ಕೆರೆಯುವ ತಗಡು ತೆಗೆದುಕೊಂಡು ಮೇಲೆ ಹತ್ತಿದೆ. ನಾನೇ ಬಳಿದದ್ದನ್ನು ನಾನೇ ಕೆರೆದೆ. ಸ್ವಲ್ಪ ಹೊತ್ತಿನ ಮೇಲೆ ಸಾರವೆ ಅಲುಗಿತು. ರಜನೀಶ ಇನ್ನೊಂದು ತಗಡು ಹಿಡಿದು ಪಕ್ಕಕ್ಕೆ ಬಂದು ನಿಂತ. "ಉಚ್ಚಯ್ಯಣ್ಣನ ಮಗಳ ಜೊತೆ ಕೆಲ್ಸ ಮಾಡಾದು ಅಂದ್ರೆ ಇಷ್ಟೇಯ" ಎಂದು ಗೊಣಗುತ್ತ ಕೆರೆಯತೊಡಗಿದ.

ದೇವರಾಜಣ್ಣ ಆವತ್ತು ಬಂದು ನೋಡಿ ಕೂಗಾಡಿದ. ಕೂಗಾಡಲಿ ಎಂದು ಬಿಟ್ಟೆ. ಅವನು ನಿಲ್ಲಿಸಿದ ಮೇಲೆ, "ಒಡೆದದ್ದನ್ನ ಮುಚ್ಚಿ ಕೊಡ್ಲಾ, ತೆಗೆದು ಕೊಡ್ಲಾ, ನೀವೇ ಹೇಳಿ ಅಣ್ಣ" ಎಂದೆ. ಮಧ್ಯಾಹ್ನ ಅವನೇ ತೋಟದಿಂದ ಹಸಿರು ನೆರಳುಬಲೆ ತಂದು ಸಾರವೆಯ ಉದ್ದಕ್ಕೂ ಕಟ್ಟಿಸಿಕೊಟ್ಟ. ಆಮೇಲೆ ನಾವು ಹಿಂದಿನ ಸಂಜೆಯೇ ಗೋಡೆಗೆ ನೀರು ಕುಡಿಸಿ, ಬೆಳಗಿನ ಮಂಜಿನಲ್ಲೇ ಶುರು ಮಾಡಿ, ಬಿಸಿಲು ಏರುವಷ್ಟರಲ್ಲಿ ಒಂದು ಪಟ್ಟಿ ಮುಗಿಸಿ, ಒದ್ದೆ ಗೋಣಿ ಇಳಿಬಿಡುತ್ತಿದ್ದೆವು. ನಿಧಾನವಾಯಿತು. ಆದರೆ ಬಿರುಕು ಬರಲಿಲ್ಲ.

ಕೊನೆಯ ನಯ ಮಾತ್ರ ರಜನೀಶನಿಗೂ ಕೊಡಲಿಲ್ಲ, ನಾನೇ ಎಳೆದೆ. ಹಸಿಯಿದ್ದಾಗ ಕರಣೆ ಎಳೆದರೆ ಗಾರೆ ಅಲೆಯಾಗುತ್ತದೆ, ಒಣಗಿದ ಮೇಲೆ ಎಳೆದರೆ ಗೀರಾಗುತ್ತದೆ. ಅಪ್ಪ ಹೇಳುತ್ತಿದ್ದ, "ಗಾರೆ ಕರುದಾಗ ಓಗ್ಬೇಕು ಮಗಾ, ನೀನಾಗೇ ಓಗ್ಬಾರ್ದು." ಕೈಯ ಹಿಂಬದಿಯಿಂದ ಮುಟ್ಟಿ ಮುಟ್ಟಿ ಕಾಯುತ್ತಿದ್ದೆ. ಅದು ಕರೆಯುವ ಒಂದು ಗಳಿಗೆ ಇದೆ, ಅವ್ವ. ತಣ್ಣಗಿರುತ್ತದೆ, ಆದರೆ ಅಂಟುವುದಿಲ್ಲ. ಆಗ ಉದ್ದಕ್ಕೆ ಎಳೆದರೆ ಕರಣೆಯ ಕೆಳಗೆ ಗೋಡೆ ತಾನೇ ಮಲಗುತ್ತದೆ. ಆ ಗಳಿಗೆಗೆ ನನಗೆ ಯಾವ ಟೀ ಅಂಗಡಿಯೂ ಕೇಳಿಸುತ್ತಿರಲಿಲ್ಲ.

ನೀರು ಹೊಡೆದು ಹದವಾದ ಮೇಲೆ, ಪ್ರೈಮರು ಬಳಿದ ದಿನ, ಸಾರವೆ ಬಿಚ್ಚಿದೆವು. ಸಂಜೆಯ ಬಿಸಿಲು ಪಡುವಣದಿಂದ ಗೋಡೆಯ ಮೈಗೆ ಅಡ್ಡಡ್ಡಲಾಗಿ ಸವರಿಕೊಂಡು ಬರುವ ಹೊತ್ತು. ಗಾರೆ ಕೆಲಸದವರು ಹೆದರುವ ಹೊತ್ತು ಅದು. ಎದುರು ಬಿಸಿಲಿನಲ್ಲಿ ಎಲ್ಲ ಗೋಡೆಯೂ ಚೆಂದ. ಅಡ್ಡ ಬಿಸಿಲಿನಲ್ಲಿ ಒಂದು ಬೆರಳಷ್ಟು ಏರಿದ್ದರೂ ಮಾರುದ್ದ ನೆರಳು ಬೀಳುತ್ತದೆ. ನಾನು ಗೇಟಿನ ಆಚೆ ರಸ್ತೆಗೆ ಹೋಗಿ ನಿಂತು ತಿರುಗಿ ನೋಡಿದೆ. ನೆರಳಿಲ್ಲ. ಈ ತುದಿಯಿಂದ ಆ ತುದಿಗೆ ಬೆಳಕು ಎಲ್ಲೂ ಎಡವದೆ ಹರಿದುಕೊಂಡು ಹೋಗಿತ್ತು. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಪಕ್ಕಕ್ಕೆ ಬಂದು, "ಅಕ್ಕ, ಒಂದು ಟೀ ಕುಡುದ್ಬುಟ್ಟು ಓಗಿ" ಎಂದ. ದೇವರಾಜಣ್ಣ ಗೋಡೆಗೆ ಕೆನ್ನೆಯಿಟ್ಟು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ. ಆ ತುದಿಗೆ ಹೋಗಿ ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಬಂದು, "ಚನ್ನರಾಯಪಟ್ಟಣದಲ್ಲಿ ನಮ್ಮಂಗಡಿ ಮುಂಭಾಗ ಐತೆ, ಯಾವಾಗ ಬತ್ತೀಯಮ್ಮ?" ಎಂದ. ಅವನ ಬಾಯಲ್ಲಿ ಹೊಗಳಿಕೆ ಅಂದರೆ ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ನಿಶ್ಚಿತಾರ್ಥಕ್ಕೆ ನಾನು, ನಾಗೇಶ್, ಮಗು ಮೂವರೂ ಹೋಗಿದ್ದೆವು. ನೀನು ಕೊಟ್ಟ ಹಸಿರು ಸೀರೆ ಉಟ್ಟಿದ್ದೆ. ತಿಳಿ ಗಂಧದ ಬಣ್ಣದ ಗೋಡೆಯ ಮುಂದೆ ಹೂವಿನ ಚಪ್ಪರ ಹಾಕಿ ಹುಡುಗ ಹುಡುಗಿಯನ್ನು ನಿಲ್ಲಿಸಿ ಫೋಟೊ ತೆಗೆದರು. ನಿಸರ್ಗ ಗೋಡೆಗೆ ಒರಗಿಕೊಂಡು ನಗುತ್ತಿದ್ದಳು. ಹಿಂದೆ ಆ ಗೋಡೆಗೆ ಯಾರೂ ಒರಗುವಂತಿರಲಿಲ್ಲ. ಜಯಲಕ್ಷ್ಮಮ್ಮ ನನ್ನ ಕೈ ಹಿಡಿದು ಬೀಗರ ಮುಂದೆ ನಿಲ್ಲಿಸಿ, "ಈ ಮನೆ ಗೋಡೆ ಮಾಡಿದ್ದು ಈ ಹುಡುಗಿ. ಮೊದಲು ಮಾಡಿದ್ದು ಇವಳ ಅಪ್ಪ ಅಮ್ಮ" ಎಂದರು. ಊಟಕ್ಕೆ ನಮ್ಮನ್ನು ಮನೆಯವರ ಸಾಲಿನಲ್ಲೇ ಕೂರಿಸಿ, ತಾವೇ ಬಂದು ಎಲೆಗೆ ತುಪ್ಪ ಹಾಕಿದರು. ಆ ಮನೆ ಕಟ್ಟುವಾಗ ನೀನು ಬುತ್ತಿ ಬಿಚ್ಚಲು ಎಲ್ಲಿಗೆ ಹೋಗಿ ಕೂರುತ್ತಿದ್ದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಹೊಟ್ಟೆ ತುಂಬ ಉಂಡೆ.

ಇಷ್ಟನ್ನು ಬರೆದು ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ ಇನ್ನೊಂದು ಸಂಗತಿಯಾಯಿತು.

ಜಯಲಕ್ಷ್ಮಮ್ಮನವರ ತಂಗಿಯ ಮನೆ ಬಾಗೂರಿನಲ್ಲಿದೆ. ಅವರಿಗೂ ಮುಂದಿನ ಗೋಡೆ ಮಾಡಿಸಬೇಕಂತೆ. ಅದನ್ನು ಮಾತಾಡಲು ಜಯಲಕ್ಷ್ಮಮ್ಮ ಕರೆದಿದ್ದರು. ಮಾತೆಲ್ಲ ಮುಗಿದ ಮೇಲೆ, "ಮೊನ್ನೆ ಸೋಮವಾರ ಒಬ್ರು ಬಂದಿದ್ರು" ಎಂದರು. ಗಿಡದಲ್ಲಿ ಹೂ ಬಿಡಿಸುತ್ತಿದ್ದರಂತೆ. ಗೇಟಿನಾಚೆ ವಯಸ್ಸಾದ ಹೆಂಗಸೊಬ್ಬಳು ಮಂಡಿ ಹಿಡಿದುಕೊಂಡು ನಿಂತೇ ಇದ್ದಳಂತೆ. ಯಾರು ಬೇಕಿತ್ತು ಎಂದರೆ ಗೋಡೆಯನ್ನೇ ನೋಡುತ್ತಿದ್ದಳಂತೆ. ಬಾಮ್ಮ ಒಳಗೆ ಎಂದ ಮೇಲೆ ಬಂದು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಸವರಿಕೊಂಡು ಹೋದಳಂತೆ. ಹೋಗಿ, ತಿರುಗಿ ಹಾಗೇ ಸವರಿಕೊಂಡು ಬಂದಳಂತೆ. ಮೆಚ್ಚಿಕೊಂಡಳೆಂದು ತಿಳಿದು ಜಯಲಕ್ಷ್ಮಮ್ಮ, "ಚೆನ್ನಾಗೈತಾ? ಭಾನುಪ್ರಿಯಾ ಅಂತ, ಇದೇ ಊರಿನ ಹುಡುಗಿ ಮಾಡಿದ್ದು. ಹಳೇ ಗಾರೆ ಒಳಗೆ ಹಂಗೇ ಐತೆ, ಒಂದ್ ಚೂರೂ ಕಿತ್ತಿಲ್ಲ" ಎಂದರಂತೆ.

ಆಗ ಆ ಹೆಂಗಸು ಹೇಳಿದ್ದನ್ನು ಜಯಲಕ್ಷ್ಮಮ್ಮ ನನಗೆ ಹೇಳಿದರು.

"ನಮ್ಮನೇಲಿ ಇಬ್ರು ಮೇಸ್ತ್ರಿಗಳು ಕಣವ್ವ. ಒಬ್ರು ತೀರ್ಕಂಡ್ರು. ಇನ್ನೊಬ್ಳು ಇವ್ಳು, ನನ್ ಮಗ್ಳು."

ಅವ್ವ, ನನ್ನ ಮನೆ ಅಲ್ಲಿಂದ ಎರಡು ಬೀದಿ ಆಚೆ. ನೀನು ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆಯಂತೆ. ನನಗೆ ಬೇಸರವಿಲ್ಲ. ಅಪ್ಪ ಇರುವವರೆಗೂ ನೀನು ಅವನೊಬ್ಬನನ್ನೇ ಮೇಸ್ತ್ರಿ ಎಂದೆ. ನನ್ನನ್ನು ಯಾವತ್ತೂ ಆ ಹೆಸರಿನಿಂದ ಕರೆದವಳಲ್ಲ. ನನ್ನ ಮುಂದೆ ಹೇಳಲಾಗದ್ದನ್ನು ಆ ಮನೆಯ ಅಂಗಳದಲ್ಲಿ ನಿಂತು ಹೇಳಿ ಹೋಗಿದ್ದೀಯ. ಅಲ್ಲಿಂದ ಮನೆಗೆ ಬಂದವಳು ಅಡುಗೆಗೂ ಇಡದೆ ಹೊಸಿಲ ಮೇಲೆ ಕೂತಿದ್ದೆ. ನಾಗೇಶ್ ಬಂದು ಏನಾಯಿತೇ ಎಂದು ಗಾಬರಿಯಾದ. ಹೇಳಿದೆ. ಅವನೂ ಪಕ್ಕದಲ್ಲಿ ಕೂತ. ನಿನ್ನೆ ರಾತ್ರಿ ಮಗುವಿಗೆ ಹೋಟೆಲಿನ ಇಡ್ಲಿ.

ಬಾಗೂರಿನ ಕೆಲಸ ಮುಂದಿನ ವಾರ ಶುರು. ಅದು ಮುಗಿದ ಕೂಡಲೇ ನಾನೇ ಅರಕಲಗೂಡಿಗೆ ಬರುತ್ತೇನೆ. ಜಗಳವಿದ್ದರೆ ಇಟ್ಟುಕೊಂಡಿರು, ಬಂದು ಕೇಳಿಸಿಕೊಳ್ಳುತ್ತೇನೆ. ಮಂಡಿಗೆ ಎಣ್ಣೆ ಹಚ್ಚಿಕೋ, ಅಲ್ಲಿಯವರೆಗೆ ಒಬ್ಬಳೇ ಬಸ್ಸು ಹತ್ತಬೇಡ. ಅತ್ತಿಗೆ, ಇಷ್ಟು ಹೊತ್ತು ಓದಿದ್ದಕ್ಕೆ ನಿಮಗೆ ನನ್ನ ನಮಸ್ಕಾರ. ಈಗ ಕಾಗದ ಮಡಚಿ ಅವ್ವನ ಕೈಯಲ್ಲಿ ಕೊಟ್ಟು, ಸ್ವಲ್ಪ ಹೊತ್ತು ಅವಳನ್ನು ಅವಳ ಪಾಡಿಗೆ ಬಿಟ್ಟುಬಿಡಿ.

ನಿನ್ನ ಕೈಕಾಲು ಗಟ್ಟಿಯಾಗಿರಲಿ, ಅವ್ವ. ನಿನ್ನ ಆಯಸ್ಸು ನಿನ್ನ ಗಾರೆಯಷ್ಟು ಗಟ್ಟಿಯಾಗಿರಲಿ.

ನಿನ್ನ ಮನೆಯ ಎರಡನೆಯ ಮೇಸ್ತ್ರಿ,
ಭಾನು